ಪ್ರತಿಕ್ರಿಯೆ: ಒಟ್ಟಿಗೆ ಕಾಯಿಸಿದ ಎಣ್ಣೆ ಬೇರೆಯಾಗುವುದು ಎಲ್ಲಿ?

ಮುಂಬೈಯ ಚೆಂಬೂರಿನಿಂದ ಮಾಹುಲ್ ಕಡೆ ಹೋಗುವಾಗ ರಿಫೈನರಿಯ ಎತ್ತರದ ಕಂಬಗಳನ್ನು ನೋಡಿ, "ಕಚ್ಚಾ ತೈಲವನ್ನು ಒಂದೇ ಸಲ ಕಾಯಿಸಿದರೆ ಪೆಟ್ರೋಲು, ಡೀಸೆಲ್ ಬೇರೆ ಬೇರೆ ಹೇಗೆ ಬರುತ್ತವೆ?" ಅಂತ ಕೇಳಿದ್ದೀರಿ. ಬೆಂಕಿ ಉರಿಯುವ ಕೊಳವೆ ಬಿಡಿ, ಅದು ಹೆಚ್ಚಾದ ಗ್ಯಾಸ್ ಸುಡುವ ಫ್ಲೇರ್.

ಬೇರೆಯಾಗುವುದು ಕುದಿಯುವಾಗ ಅಲ್ಲ, ತಣಿಯುವಾಗ. ಮೊದಲು ಉಪ್ಪು ತೊಳೆದು, ತೈಲವನ್ನು ಕುಲುಮೆಯಲ್ಲಿ ಸುಮಾರು 350ರಿಂದ 370 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಹೆಚ್ಚಿನ ಭಾಗ ಒಟ್ಟಿಗೇ ಆವಿಯಾಗಿ ಕಂಬದ ಬುಡಕ್ಕೆ ನುಗ್ಗುತ್ತದೆ. ಬುಡದಲ್ಲಿ ಬಿಸಿ, ಮೇಲೆ ಹೋದಷ್ಟೂ ತಂಪು. ಒಳಗೆ ಇಡ್ಲಿ ತಟ್ಟೆಗಳ ಹಾಗೆ ಒಂದರ ಮೇಲೊಂದು ತೂತಿನ ಟ್ರೇಗಳು. ಹೆಚ್ಚು ಬಿಸಿಯಲ್ಲಿ ಕುದಿಯುವ ಡೀಸೆಲ್ ಕೆಳಗಿನ ಟ್ರೇಗಳಲ್ಲೇ ದ್ರವವಾಗುತ್ತದೆ, ಸೀಮೆಎಣ್ಣೆ ಅದಕ್ಕಿಂತ ಮೇಲೆ. ನಾಫ್ತಾ (ಪೆಟ್ರೋಲಿಗೆ ಮೂಲವಾದ ಹಗುರ ಎಣ್ಣೆ), ಗ್ಯಾಸ್ ತುದಿಯಿಂದ ಹೊರಗೆ.

ನನಗೆ ಇಷ್ಟವಾದ ಜಾಣತನ ಇನ್ನೊಂದಿದೆ. ತಣಿಸಿದ ನಾಫ್ತಾದ ಒಂದು ಪಾಲನ್ನು ಮತ್ತೆ ಮೇಲಿನಿಂದ ಸುರಿಯುತ್ತಾರೆ. ಸುಮ್ನೆ ಅಲ್ಲ! ಇಳಿಯುವ ದ್ರವ, ಏರುವ ಆವಿ ಪ್ರತಿ ಟ್ರೇಯಲ್ಲೂ ಎದುರಾಗುತ್ತವೆ. ಭಾರದ್ದು ದ್ರವಕ್ಕೆ ಸೇರುತ್ತದೆ, ಹಗುರದ್ದು ಆವಿಗೆ. ಇದಿಲ್ಲದಿದ್ದರೆ ಎಲ್ಲಾ ಕಲಬೆರಕೆಯೇ.

ತಳದಲ್ಲಿ ಉಳಿದದ್ದನ್ನು ಇನ್ನೂ ಜಾಸ್ತಿ ಕಾಯಿಸಿದರೆ ಅಣುಗಳೇ ಒಡೆದು ಕೊಳವೆಗಳಲ್ಲಿ ಕರಿ ಕಟ್ಟುತ್ತದೆ. ಅದಕ್ಕೇ ಇನ್ನೊಂದು ಕಂಬದಲ್ಲಿ ಒತ್ತಡ ಇಳಿಸಿ, ಕಡಿಮೆ ಬಿಸಿಯಲ್ಲೇ ಆವಿ ಮಾಡುತ್ತಾರೆ. ಆಮೇಲೂ ಉಳಿದದ್ದರಿಂದಲೇ ರಸ್ತೆಯ ಡಾಂಬರು. 1974ರಲ್ಲಿ ಮುಂಬೈ ಬಳಿಯ ಸಮುದ್ರದಲ್ಲಿ ಸಿಕ್ಕ ಬಾಂಬೆ ಹೈ ತೈಲ ಹಗುರ, ಹಾಗಾಗಿ ಅದರಲ್ಲಿ ಈ ಗಸಿ ಕಡಿಮೆ.

ಅಂದಹಾಗೆ, ಕಂಬದಿಂದ ನೇರ ಪೆಟ್ರೋಲು ಬರುವುದಿಲ್ಲ. ನಾಫ್ತಾದ ಆಕ್ಟೇನ್, ಅಂದರೆ ಎಂಜಿನ್‌ನಲ್ಲಿ ಹೊತ್ತಿಗೆ ಮುಂಚೆ ತಾನಾಗಿ ಹೊತ್ತಿಕೊಳ್ಳದ ಗುಣ, ಕಡಿಮೆ. ಅದನ್ನು ಬೇರೆ ಘಟಕದಲ್ಲಿ ಹದ ಮಾಡಿದ ಮೇಲೆಯೇ ನಿಮ್ಮ ಸ್ಕೂಟರಿಗೆ.