ಜರ್ಸಿಯ ಮೇಲಿನ ಹೆಸರು, ಬಿದ್ದಾಗ ಬರುವ ಜನ

ಓದುಗರ ಪತ್ರ:
ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ. ತಮ್ಮನಿಗೆ 21 ವರ್ಷ. ಮೂರು ವರ್ಷದಿಂದ ಡರ್ಟ್ ರೇಸ್, ಅಂದರೆ ಮಣ್ಣಿನ ಮೇಲಿನ ಬೈಕ್ ರೇಸ್, ಓಡಿಸುತ್ತಿದ್ದಾನೆ. ಮನೆ ತುಂಬಾ ಕಪ್ ಇವೆ, ಗೋಡೆ ತುಂಬಾ 93ನೇ ನಂಬರಿನ ಪೋಸ್ಟರ್ ಇವೆ, ಕೈಯಲ್ಲಿ ಮಾತ್ರ ಕಾಸಿಲ್ಲ. ಎಂಟ್ರಿ ಫೀ, ಟೈರು, ಪೆಟ್ರೋಲು ಎಲ್ಲ ನನ್ನ ಸಂಬಳದಲ್ಲೇ ನಡೆಯುತ್ತಿದೆ. ಈಗ ನ್ಯಾಷನಲ್ ಚಾಂಪಿಯನ್‌ಶಿಪ್‌ಗೆ ಹೋಗಬೇಕು ಅಂತಾನೆ. ಅಪ್ಪ ಎರಡು ಎಕರೆ ಅಡಿಕೆ ತೋಟದ ಮೇಲೆ ಸಾಲ ತೆಗೆಯಲು ಹೊರಟಿದ್ದಾರೆ. ಒಬ್ಬ ಸ್ಪಾನ್ಸರ್ ಸಿಕ್ಕರೆ ಎಲ್ಲ ಸರಿಹೋಗುತ್ತೆ ಅಲ್ವಾ? ನೀವು ಚಾಂಪಿಯನ್‌ಗಳ ಬಗ್ಗೆ ಬರೆಯುತ್ತೀರಿ. ಅವರಿಗೆ ದುಡ್ಡು ಎಲ್ಲಿಂದ ಬಂತು ಅಂತ ಯಾಕೆ ಬರೆಯುವುದಿಲ್ಲ?
– ಹೆಸರು ಬೇಡ ಎಂದಿರುವ ಓದುಗರು

ಸಂಪಾದಕರ ಉತ್ತರ:

ಪ್ರೀತಿಯ ತಂಗಿಗೆ,

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ನಾವು ಬರೆದಿಲ್ಲ, ನಿಜ. ಅದು ನಮ್ಮ ತಪ್ಪು. ಗೆದ್ದವರ ಫೋಟೋ ಹಾಕುತ್ತೇವೆ. ಆ ಫೋಟೋದಲ್ಲಿ ಎದೆ ಮೇಲೆ, ತೋಳಿನ ಮೇಲೆ, ಹೆಲ್ಮೆಟ್ಟಿನ ಗಲ್ಲದ ಮೇಲೆ ಎಷ್ಟೋ ಹೆಸರುಗಳು ಇರುತ್ತವೆ. ಅವು ಏನು ಕೊಟ್ಟು ಅಲ್ಲಿಗೆ ಬಂದವು ಅಂತ ಒಂದು ಸಾಲೂ ಬರೆಯುವುದಿಲ್ಲ. ಓದಿದ ಹುಡುಗರಿಗೆ ನಾಲ್ಕು ಕಪ್ ಗೆದ್ದರೆ ಸಾಕು, ಯಾರೋ ಬಂದು ಕೈ ಹಿಡಿಯುತ್ತಾರೆ ಅನ್ನಿಸಿಬಿಡುತ್ತದೆ. ನಿಮ್ಮ ತಮ್ಮನಿಗೂ ಹಾಗೇ ಅನ್ನಿಸಿರಬೇಕು.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ತೋಟದ ಮೇಲೆ ಸಾಲ ಬೇಡ. ಅಪ್ಪನಿಗೆ ಈ ಪುಟ ಓದಿ ಹೇಳಿ. ಕೊಳೆ ರೋಗ, ಎಲೆಚುಕ್ಕಿ ರೋಗ ಅಂತ ನಿಮ್ಮ ಕಡೆಯ ತೋಟಗಳು ಎಷ್ಟು ಸೊರಗಿವೆ ಅನ್ನುವುದು ನಿಮಗೇ ಗೊತ್ತು. ರೇಸಿಗೆ ಹಾಕಿದ ದುಡ್ಡು ಬಹಳಷ್ಟು ಹುಡುಗರಿಗೆ ವಾಪಸ್ ಬರುವುದೇ ಇಲ್ಲ. ಬಂದರೂ ವರ್ಷಗಟ್ಟಲೆ ಬೇಕು. ಸಾಲದ ಕಂತು ಅಷ್ಟು ದಿನ ಕಾಯುವುದಿಲ್ಲ.

ನಾನು ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ ಅನ್ನುವುದಕ್ಕೆ ಒಂದು ಕಾರಣ ಇದೆ. ಹದಿನೈದು ವರ್ಷದ ಹಿಂದಿನ ಮಾತು. ಸಾಗರ ರಸ್ತೆಯ ಆಚೆ, ಭತ್ತ ಕೊಯ್ದ ಗದ್ದೆಯಲ್ಲಿ ರೇಸ್ ಇಟ್ಟಿದ್ದರು. ಜೆಸಿಬಿ ತಂದು ದಿಬ್ಬ ಮಾಡಿದ್ದರು. ಧೂಳು ಏಳದ ಹಾಗೆ ಟ್ಯಾಂಕರಿನಲ್ಲಿ ನೀರು ಹೊಡೆದಿದ್ದರು. ಅಲ್ಲಿ ಒಬ್ಬ ಹುಡುಗ ಹಳೇ ಆರ್‌ಎಕ್ಸ್ 100 ಓಡಿಸುತ್ತಿದ್ದ. ಅದನ್ನು ನೋಡುವುದೇ ಒಂದು ಚಂದ. ಉಳಿದವರು ದಿಬ್ಬದ ಮುಂದೆ ವೇಗ ಇಳಿಸುತ್ತಿದ್ದರು. ಇವನು ಸೀಟಿನಿಂದ ಎದ್ದು, ಮಂಡಿಯಲ್ಲಿ ಟ್ಯಾಂಕ್ ಒತ್ತಿ ಹಿಡಿದು, ಹಾಗೇ ಹಾರಿಸಿಬಿಡುತ್ತಿದ್ದ. ಮರುವಾರ ಅವನು ನಮ್ಮ ಆಫೀಸಿಗೆ ಬಂದ. ನಾವು ₹5,000 ಕೊಟ್ಟೆವು. ಬದಲಿಗೆ ಅವನ ಜರ್ಸಿ ಮೇಲೆ ನಮ್ಮ ಪತ್ರಿಕೆಯ ಹೆಸರು. ಗಾಂಧಿ ಬಜಾರಿನ ಟೈಲರ್ ಒಬ್ಬರು ಹೊಲಿದು ಕೊಟ್ಟರು. ಸ್ವಲ್ಪ ಓರೆಯಾಗಿತ್ತು. ಫೋಟೋ ತೆಗೆದು ಹಾಕಿಕೊಂಡೆವು.

ಎರಡು ತಿಂಗಳಿಗೆ ಇನ್ನೊಂದು ರೇಸಿನಲ್ಲಿ ಅವನು ಬಿದ್ದ. ಭುಜದ ಎಲುಬು ಮುರಿಯಿತು, ತೊಡೆಯ ಎಲುಬೂ ಮುರಿಯಿತು. ಸುದ್ದಿ ನಮಗೆ ಅದೇ ಸಂಜೆ ಗೊತ್ತಾಯಿತು. ನಾವು ಹೋಗಲಿಲ್ಲ. ಸಂಚಿಕೆ ಮುಗಿಸುವ ಗಡಿಬಿಡಿ ಇತ್ತು, ನಾಳೆ ಹೋಗೋಣ ಅಂದುಕೊಂಡೆವು, ಆ ನಾಳೆ ಬರಲೇ ಇಲ್ಲ. ಜರ್ಸಿ ಮೇಲೆ ನಮ್ಮದೂ ಸೇರಿ ಏಳು ಹೆಸರಿದ್ದವು. ಏಳರಲ್ಲಿ ಒಬ್ಬರೂ ಹೋಗಲಿಲ್ಲ. ಹೋದವರು ಒಬ್ಬ ಸ್ಪೇರ್ ಪಾರ್ಟ್ಸ್ ಅಂಗಡಿಯವರು. ಅವನಿಗೆ ಚೈನು, ಸ್ಪ್ರಾಕೆಟ್ಟು ಸಾಲದಲ್ಲಿ ಕೊಟ್ಟಿದ್ದವರು. ಜಾಗ ಸಾಲದೆ ಅವರ ಹೆಸರು ಜರ್ಸಿಗೆ ಬಂದಿರಲೇ ಇಲ್ಲ. ಅವರು ಹದಿನೆಂಟು ದಿನ ಕ್ಯಾರಿಯರಿನಲ್ಲಿ ಗಂಜಿ ತಂದರಂತೆ. ಔಷಧಿ ಚೀಟಿ ಕೈಗೆ ಬಂದಾಗಲೆಲ್ಲ ತಾವೇ ಇಳಿದು ಹೋಗಿ ತಂದರಂತೆ.

ಇದನ್ನೆಲ್ಲ ಹೇಳಿದ್ದು ಅವನ ತಾಯಿ. ಆರು ತಿಂಗಳಾದ ಮೇಲೆ ನಾನು ಅವರ ಮನೆಗೆ ಹೋದೆ. ಅವರು ಬೈಯಲಿಲ್ಲ. ಕಾಫಿ ಕೊಟ್ಟರು. ಆಮೇಲೆ ಒಳಗೆ ಹೋಗಿ ಆ ಜರ್ಸಿ ತಂದು ತೋರಿಸಿದರು. ಆಸ್ಪತ್ರೆಯಲ್ಲಿ ಬಿಚ್ಚಲು ಆಗದೆ ಕತ್ತರಿಯಲ್ಲಿ ಕತ್ತರಿಸಿದ್ದರು. ಕತ್ತರಿ ನಮ್ಮ ಪತ್ರಿಕೆಯ ಹೆಸರಿನ ನಡುವೆಯೇ ಹಾದು ಹೋಗಿತ್ತು. ಒಗೆದು, ಮಡಿಸಿ ಇಟ್ಟಿದ್ದರು. ನಾನು ಅದನ್ನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ಸ್ಪಾನ್ಸರ್ ಅಂದರೆ ಏನು ಅಂತ ಮೊದಲು ತಿಳಿದುಕೊಳ್ಳೋಣ. ಅದು ದಾನ ಅಲ್ಲ, ಬಹುಮಾನವೂ ಅಲ್ಲ. ಅದು ವ್ಯಾಪಾರ. ಕಂಪನಿ ನಿಮ್ಮ ತಮ್ಮನ ಮೈಮೇಲೆ ಜಾಗ ಕೊಳ್ಳುತ್ತದೆ. ಆ ಜಾಗ ಎಷ್ಟು ಜನರ ಕಣ್ಣಿಗೆ ಬೀಳುತ್ತದೆ ಅಂತ ಲೆಕ್ಕ ಹಾಕುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾರು ಕೊಳ್ಳುತ್ತಿದ್ದಾರೆ, ಎಷ್ಟು ದಿನಕ್ಕೆ, ಹುಡುಗ ಬಿದ್ದರೆ ಏನು ಅನ್ನುವುದು ಮೊದಲೇ ಮಾತಾಗಬೇಕು.

ದೊಡ್ಡ ಕಂಪನಿಗಳು ಬೀದಿಯಲ್ಲಿ ಹೋಗುವವರನ್ನು ಕರೆದು ದುಡ್ಡು ಕೊಡುವುದಿಲ್ಲ. ವರ್ಷಗಟ್ಟಲೆ ನೋಡಿದ ಹುಡುಗರನ್ನೇ ಆರಿಸಿಕೊಳ್ಳುತ್ತವೆ. ಟಿವಿಎಸ್ ರೇಸಿಂಗ್ ತಂಡ ಶುರುವಾಗಿದ್ದು 1982ರಲ್ಲಿ. 1994ರಿಂದ ಅವರು ಒನ್ ಮೇಕ್ ಚಾಂಪಿಯನ್‌ಶಿಪ್ ನಡೆಸುತ್ತಿದ್ದಾರೆ. ಅಂದರೆ ಎಲ್ಲರಿಗೂ ಒಂದೇ ಥರದ ಬೈಕು, ಅದೂ ಕಂಪನಿಯದ್ದೇ. ಯಾರ ಬಳಿ ದುಡ್ಡು ಜಾಸ್ತಿ ಅನ್ನುವುದು ಅಲ್ಲಿ ಅಷ್ಟು ಲೆಕ್ಕಕ್ಕೆ ಬರುವುದಿಲ್ಲ, ಯಾರ ಕೈ ಚುರುಕು ಅನ್ನುವುದು ಕಾಣುತ್ತದೆ. ತೋಟ ಅಡ ಇಟ್ಟು ಸ್ವಂತ ರೇಸ್ ಬೈಕು ಕಟ್ಟುವ ಮೊದಲು ನಿಮ್ಮ ತಮ್ಮ ಇಂಥ ಆಯ್ಕೆಗೆ ಹೋಗಲಿ.

ನಮ್ಮ ಘಟ್ಟದ ಕೆಳಗಿನವರೇ ಆದ ಉಡುಪಿಯ ಕೆ.ಪಿ. ಅರವಿಂದ್ ಅವರನ್ನು ನೋಡಿ. ಟಿವಿಯಲ್ಲಿ ಬಿಗ್ ಬಾಸ್ ನೋಡಿದವರಿಗೆ ಅವರು ಗೊತ್ತು. ಅವರ ನಿಜವಾದ ಕಥೆ ಮರಳುಗಾಡಿನದ್ದು. ಎಷ್ಟೋ ವರ್ಷ ಟಿವಿಎಸ್ ತಂಡದಲ್ಲಿ ಓಡಿಸಿ, ಆಮೇಲೆ ಮರಳುಗಾಡಿನಲ್ಲಿ ದಿನಗಟ್ಟಲೆ ನಡೆಯುವ ಡಕಾರ್ ರ‍್ಯಾಲಿಗೆ ಹೋದರು. 2017ರಲ್ಲಿ ಮುಗಿಸಲು ಆಗಲಿಲ್ಲ. 2018ರಲ್ಲೂ ಆಗಲಿಲ್ಲ. 2019ರಲ್ಲಿ ಮುಗಿಸಿದರು, 37ನೇ ಸ್ಥಾನ. ಎರಡು ವರ್ಷ ಬರಿಗೈಯಲ್ಲಿ ಬಂದವರನ್ನು ಮೂರನೇ ವರ್ಷವೂ ಕಳಿಸಬೇಕು ಅಂದರೆ ಕಳಿಸುವವರಿಗೆ ಆ ಮನುಷ್ಯನ ಮೇಲೆ ಎಷ್ಟು ನಂಬಿಕೆ ಇರಬೇಕು! ಆ ನಂಬಿಕೆ ಒಂದು ಕಪ್ಪಿನಿಂದ ಹುಟ್ಟಿದ್ದಲ್ಲ.

ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅವರದ್ದೂ ಅಂಥದ್ದೇ ದಾರಿ. 2018ರಲ್ಲಿ ಸ್ಪೇನಿನ ರೇಸಿನಲ್ಲಿ ಬಿದ್ದು ಹೊಟ್ಟೆಯೊಳಗೆ ಜೋರು ಪೆಟ್ಟಾಯಿತು. ಮರುವರ್ಷ 2019ರಲ್ಲಿ ಬಾಹಾ, ಅಂದರೆ ಕಡಿಮೆ ದಿನಗಳ ಕಚ್ಚಾ ದಾರಿಯ ರ‍್ಯಾಲಿಗಳ, ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಪಕ್ಕದ ಕೇರಳದ ಹರಿತ್ ನೋವಾ 2020ರಲ್ಲಿ ಮೊದಲ ಸಲ ಡಕಾರ್‌ಗೆ ಹೋದರು, 2021ರಲ್ಲಿ 20ನೇ ಸ್ಥಾನಕ್ಕೆ ಬಂದರು. 2024ರಲ್ಲಿ ಒಟ್ಟಾರೆ 11ನೇ ಸ್ಥಾನ, ರ‍್ಯಾಲಿ 2 ಅನ್ನುವ ಎರಡನೇ ದರ್ಜೆಯ ವಿಭಾಗದಲ್ಲಿ ಮೊದಲನೇ ಸ್ಥಾನ. ಪೇಪರಿನಲ್ಲಿ ನಾವು ಓದುವುದು ಆ ಕೊನೆಯ ವರ್ಷವನ್ನು ಮಾತ್ರ.

ಇನ್ನು ಸಿ.ಎಸ್. ಸಂತೋಷ್. 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ, ನಮ್ಮ ಕರ್ನಾಟಕದವರು. ಆಗ ಅವರಿಗೆ 36ನೇ ಸ್ಥಾನ ಬಂತು. ಹೀರೋ ಕಂಪನಿ ರ‍್ಯಾಲಿ ತಂಡ ಕಟ್ಟಿದ್ದು 2016ರಲ್ಲಿ. ಅಂದರೆ ಅವರು ಮೊದಲು ದಾರಿ ಮಾಡಿದರು, ಸ್ವಂತ ದೇಶದ ದೊಡ್ಡ ತಂಡ ಆಮೇಲೆ ಬಂತು. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದಾಗ ಅವರನ್ನು ಹೆಲಿಕಾಪ್ಟರಿನಲ್ಲಿ ರಿಯಾದಿನ ಆಸ್ಪತ್ರೆಗೆ ಸಾಗಿಸಿದರು. ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಇಟ್ಟು ಚಿಕಿತ್ಸೆ ಕೊಟ್ಟರು. ಬದುಕಿ ಬಂದರು. ಹೆದರಿಸಲು ಇದನ್ನು ಬರೆಯುತ್ತಿಲ್ಲ, ತಂಗಿ. ಅಷ್ಟು ದೊಡ್ಡ ರೇಸಿನಲ್ಲಿ ಬಿದ್ದರೆ ಹೆಲಿಕಾಪ್ಟರ್ ಬರುತ್ತದೆ. ನಮ್ಮ ಗದ್ದೆಯ ರೇಸಿನಲ್ಲಿ ಬಿದ್ದರೆ ಎಷ್ಟೋ ಸಲ ಯಾರದ್ದೋ ಓಮ್ನಿಯಲ್ಲಿ ಮಲಗಿಸಿಕೊಂಡು ಹೋಗುತ್ತಾರೆ. ಆಂಬುಲೆನ್ಸ್ ನಿಂತಿಲ್ಲದ ರೇಸಿಗೆ ತಮ್ಮ ಬೈಕು ಇಳಿಸಬಾರದು. ಎಷ್ಟು ದೊಡ್ಡ ಬಹುಮಾನ ಇಟ್ಟಿದ್ದರೂ ಸರಿ.

ಗೋಡೆಯ 93ನೇ ನಂಬರಿನ ಬಗ್ಗೆಯೂ ಹೇಳಬೇಕು. ಅದು ಸ್ಪೇನಿನ ಬೈಕ್ ರೇಸರ್ ಮಾರ್ಕ್ ಮಾರ್ಕೆಜ್ ಅವರ ನಂಬರು. ಅವರ ಎದೆಯ ಮೇಲೆ ಹನ್ನೊಂದು ವರ್ಷ ಇದ್ದ ಹೆಸರು ರೆಪ್ಸೋಲ್, ಸ್ಪೇನಿನ ಎಣ್ಣೆ ಕಂಪನಿ. ಅವರು ಓಡಿಸುತ್ತಿದ್ದ ಹೋಂಡಾ ತಂಡದ ಜೊತೆ ಅದು 1995ರಿಂದ 2024ರವರೆಗೆ ಇತ್ತು. 2020ರಲ್ಲಿ ಅವರ ಬಲಗೈ ಮುರಿಯಿತು, ನಾಲ್ಕು ಸಲ ಆಪರೇಷನ್ ಆಯಿತು. ಆ ವರ್ಷಗಳಲ್ಲೂ ಹೆಸರು ಎದೆಯ ಮೇಲೇ ಇತ್ತು. 2023ರ ಕೊನೆಗೆ, ಒಪ್ಪಂದ ಇನ್ನೂ ಒಂದು ವರ್ಷ ಇದ್ದಾಗಲೇ, ಅವರೇ ಆ ತಂಡ ಬಿಟ್ಟರು. ಗೆಲ್ಲುವ ಬೈಕು ಬೇಕಿತ್ತು. 2025ರಲ್ಲಿ ಡುಕಾಟಿಯಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದರು. ದುಡ್ಡು ಕೊಡುವವರ ಜೊತೆ ನಿಲ್ಲುವುದು ಒಂದು, ಅವರನ್ನು ಬಿಡುವ ಹೊತ್ತು ಗೊತ್ತಿರುವುದು ಇನ್ನೊಂದು. ತಮ್ಮನಿಗೆ ಪೋಸ್ಟರಿನ ಜೊತೆ ಇದೂ ಗೊತ್ತಿರಲಿ.

ಒಂದು ಕಷ್ಟದ ವಿಷಯ. ನಮ್ಮ ಕಡೆ ರೇಸಿಗೆ ಬೇಗ ದುಡ್ಡು ಬಿಚ್ಚುವವರಲ್ಲಿ ಗುಟ್ಕಾ, ಪಾನ್ ಮಸಾಲಾ ಮಾರುವವರೂ ಇರುತ್ತಾರೆ. ಒಂದು ಕಾಲದಲ್ಲಿ ಜಗತ್ತಿನ ದೊಡ್ಡ ರೇಸ್ ಬೈಕುಗಳ ಮೇಲೆಲ್ಲ ಸಿಗರೇಟಿನ ಹೆಸರೇ ಇತ್ತು. ಹೋಂಡಾ ಮೇಲೆ ರಾತ್‌ಮನ್ಸ್, ಯಮಹಾ ಮೇಲೆ ಮಾರ್ಲ್‌ಬೊರೊ. ನಮ್ಮ ದೇಶದಲ್ಲಿ 2003ರ ಕಾಯ್ದೆ ತಂಬಾಕಿನ ಸ್ಪಾನ್ಸರ್‌ಶಿಪ್ಪನ್ನು ನಿಷೇಧಿಸಿದೆ. ಆದರೂ ಅದೇ ಹೆಸರಿನ ಬೇರೆ ಪೊಟ್ಟಣ ತೋರಿಸಿಕೊಂಡು ಬರುತ್ತಾರೆ. ನಮ್ಮ ಅಡಿಕೆಯ ರೇಟು ಅದೇ ವ್ಯಾಪಾರದ ಮೇಲೆ ನಿಂತಿದೆ ಅನ್ನುವುದು ನನಗೆ ಗೊತ್ತು. ನಮ್ಮ ಮನೆಯಲ್ಲೂ ಅಡಿಕೆ ಸುಲಿದಿದ್ದೇವೆ. ಆದರೂ ಹೇಳುತ್ತೇನೆ, ಬೇಡ. ನಿಮ್ಮ ತಮ್ಮನ ರೇಸ್ ನೋಡಲು ಬೇಲಿಗೆ ಆತುಕೊಂಡು ನಿಲ್ಲುವವರಲ್ಲಿ ಹೈಸ್ಕೂಲು ಹುಡುಗರೇ ಜಾಸ್ತಿ.

ಹಾಗಾದರೆ ಯಾರ ಹತ್ತಿರ ಹೋಗಬೇಕು? ಹತ್ತಿರದವರ ಹತ್ತಿರ. ಟೈರ್ ಅಂಗಡಿ, ಆಯಿಲ್ ಡೀಲರ್, ಗ್ಯಾರೇಜು, ಬೇಕರಿ. ದುಡ್ಡು ಕೇಳಬೇಡಿ, ವಸ್ತು ಕೇಳಿ. ಸೀಸನ್ನಿಗೆ ಎರಡು ಜೊತೆ ಟೈರು, ತಿಂಗಳಿಗೆ ಎರಡು ಲೀಟರ್ ಆಯಿಲ್, ವಾರಕ್ಕೊಂದು ಸಂಜೆ ಮೆಕ್ಯಾನಿಕ್ಕಿನ ಕೈ. ಕೊಡುವವರಿಗೂ ಇದು ಹಗುರ. ಒಬ್ಬ ಆಯಿಲ್‌ನವರ ಹೆಸರು ಹಾಕಿದ ಮೇಲೆ ಇನ್ನೊಬ್ಬ ಆಯಿಲ್‌ನವರ ಹತ್ತಿರ ಹೋಗಬಾರದು. ಪ್ರತಿ ರೇಸ್ ಮುಗಿದ ಮೇಲೆ ತಮ್ಮ ತಾನೇ ಆ ಅಂಗಡಿಗೆ ಹೋಗಬೇಕು. ಗೆದ್ದರೂ ಹೋಗಬೇಕು, ಸೋತರೂ ಹೋಗಬೇಕು. ಎಷ್ಟನೇ ಸ್ಥಾನ, ಯಾಕೆ ಸೋತೆ, ಟೈರ್ ಎಷ್ಟು ಸವೆಯಿತು ಅಂತ ಹೇಳಿ ಬರಬೇಕು. ಹೀಗೆ ಮಾಡುವ ಹುಡುಗರು ಕಡಿಮೆ. ಮಾಡಿದವರನ್ನು ಅಂಗಡಿಯವರು ಮರೆಯುವುದಿಲ್ಲ.

ಮತ್ತೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಏನು ಕೊಡುತ್ತಾರೆ, ಎಷ್ಟು ದಿನ, ಬಿದ್ದು ಮಲಗಿದರೆ ಆ ತಿಂಗಳುಗಳಲ್ಲಿ ಏನು ಮಾಡುತ್ತಾರೆ. ಕೊನೆಯದನ್ನು ಕೇಳಲು ನಾಚಿಕೆ ಬೇಡ. ದೇಶದ ಮೋಟಾರ್ ರೇಸುಗಳನ್ನು ನೋಡಿಕೊಳ್ಳುವ ಸಂಸ್ಥೆ ಎಫ್‌ಎಂಎಸ್‌ಸಿಐ, ಅದರ ಲೈಸೆನ್ಸ್ ಇಲ್ಲದೆ ನ್ಯಾಷನಲ್ ಇಲ್ಲ, ಅದನ್ನು ಮೊದಲು ಮಾಡಿಸಿ. ಅದರ ಜೊತೆಗಿನ ವಿಮೆಯ ಕಾಗದವನ್ನು ನೀವೇ ಕೂತು ಓದಿ, ತಮ್ಮ ಓದುವುದಿಲ್ಲ. ಡಾಂಬರು ಟ್ರ್ಯಾಕ್ ಅಂದರೆ ಚೆನ್ನೈ ಹತ್ತಿರದ ಇರುಂಗಾಟುಕೋಟೈ ಇಲ್ಲವೇ ಕೊಯಮತ್ತೂರು. ಬೈಕು ಸಾಗಿಸುವ ಖರ್ಚೇ ಜೋರಾಗಿರುತ್ತದೆ. ಮಣ್ಣಿನ ರೇಸಿನಲ್ಲೇ ಮುಂದುವರಿಯುವುದಾದರೆ ಕೋಲಾರದ ಹತ್ತಿರ ಸಂತೋಷ್ ಅವರು ಕಟ್ಟಿದ ಬಿಗ್ ರಾಕ್ ಡರ್ಟ್‌ಪಾರ್ಕ್ ಇದೆ. ಗದ್ದೆಯಲ್ಲಿ ಕಲಿತ ಹುಡುಗನಿಗೆ ಟ್ರ್ಯಾಕಿಗಿಂತ ಅದು ಹತ್ತಿರದ ದಾರಿ ಅಂತ ನನಗೆ ಅನ್ನಿಸುತ್ತದೆ.

ಈಗ ನಿಮ್ಮ ವಿಷಯ. ಕಾಗದದಲ್ಲಿ ಅದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಮೂರು ವರ್ಷದಿಂದ ನಿಮ್ಮ ತಮ್ಮನಿಗೆ ಸ್ಪಾನ್ಸರ್ ಇದ್ದಾರೆ, ಅದು ನೀವೇ. ಎಷ್ಟು ಕೊಟ್ಟಿರಿ ಅಂತ ಬರೆದಿಟ್ಟಿದ್ದೀರಾ? ಇಲ್ಲದಿದ್ದರೆ ಇವತ್ತೇ ಬರೆಯಿರಿ, ನೆನಪಿದ್ದಷ್ಟು. ತಮ್ಮನಿಗೆ ತೋರಿಸಿ. ವಸೂಲಿಗೆ ಅಲ್ಲ, ಅವನಿಗೆ ಗೊತ್ತಿರಬೇಕು ಅಂತ. ತಿಂಗಳಿಗೆ ಇಷ್ಟು, ಅದರ ಮೇಲೆ ಒಂದು ಪೈಸೆ ಇಲ್ಲ ಅಂತ ಒಂದು ಗೆರೆ ಹಾಕಿ. ನಿಮ್ಮ ಸಂಬಳದಲ್ಲಿ ನಿಮಗೂ ಒಂದು ಪಾಲು ಬೇಕು, ತಂಗಿ.

ಅವನ ಬಗ್ಗೆ ಪತ್ರಿಕೆಯಲ್ಲಿ ಬರೆದು ಸ್ಪಾನ್ಸರ್ ಹುಡುಕುವುದು ಆಮೇಲೆ. ಮೊದಲು ನಾನು ಅವನನ್ನು ನೋಡಬೇಕು. ಅಂದು ಬಿದ್ದ ಹುಡುಗನಿಗೆ ಈಗ ಶಿವಮೊಗ್ಗದಲ್ಲೇ ಗ್ಯಾರೇಜು ಇದೆ. ಸ್ವಲ್ಪ ಕುಂಟುತ್ತಾನೆ. ನಿಮ್ಮ ಕಾಗದವನ್ನು ಅವನಿಗೆ ಓದಿ ಹೇಳಿದೆ. "ಬೈಕ್ ತಂದು ಬಿಡೋಕೆ ಹೇಳಿ ಸರ್, ಸಸ್ಪೆನ್ಷನ್ ನಾನು ನೋಡ್ತೀನಿ" ಅಂದ. ತಮ್ಮನ ಹತ್ತಿರ ಕುತ್ತಿಗೆ ಕಾಯುವ ನೆಕ್ ಬ್ರೇಸ್, ಸರಿಯಾದ ಬೂಟು ಇಲ್ಲದಿದ್ದರೆ ಅವನ್ನು ನಮ್ಮ ಪತ್ರಿಕೆ ಕೊಡಿಸುತ್ತದೆ. ನಮ್ಮ ಹೆಸರು ಹಾಕಿಕೊಳ್ಳುವುದು ಬೇಡ.

ಶನಿವಾರ ನಾಲ್ಕು ಗಂಟೆಯ ಮೇಲೆ ನಾನು ಆಫೀಸಿನಲ್ಲೇ ಇರುತ್ತೇನೆ. ಕಪ್ಪು, ಫೋಟೋ ಏನೂ ತರಬೇಡಿ. ಲೆಕ್ಕದ ಪುಸ್ತಕ ತನ್ನಿ. ಅಪ್ಪನನ್ನೂ ಕರೆದುಕೊಂಡು ಬನ್ನಿ, ಕೊನೇ ಬಸ್ಸು ಹೊರಡುವುದರೊಳಗೆ ಮಾತು ಮುಗಿಸೋಣ.

– ಸಂಪಾದಕ