ಸ್ಕ್ರ್ಯಾಬಲ್‌ನಲ್ಲಿ ‘ಚೀ’, ‘ಝಾ’ ಅಂತೆಲ್ಲ ಇಡ್ತಾರಲ್ಲ, ಇವು ನಿಜವಾಗಿ ಇಂಗ್ಲಿಷ್ ಪದಗಳಾ? ಅರ್ಥ ಗೊತ್ತಿಲ್ಲದೆ ಇಡಬಹುದಾ?

ನೀವು ಕೇಳಿದ್ದು ಇಷ್ಟು: ಈಚೆಗೆ ಭಾವನ ಜೊತೆ ಸ್ಕ್ರ್ಯಾಬಲ್, ಅಂದರೆ ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮನೆಗಳಲ್ಲಿ ಜೋಡಿಸಿ ಪದ ಕಟ್ಟುವ ಆಟ, ಆಡಲು ಶುರು ಮಾಡಿದ್ದೀರಿ. ಅವರು ಎರಡಕ್ಷರದ ಏನೋ ಒಂದು ಪದ ಇಟ್ಟು ಅರವತ್ತು ಚಿಲ್ಲರೆ ಅಂಕ ಬಾಚಿಕೊಳ್ಳುತ್ತಾರೆ. ಅರ್ಥ ಕೇಳಿದರೆ ‘ಗೊತ್ತಿಲ್ಲ’ ಅನ್ನುತ್ತಾರೆ. ಇದು ಮೋಸವಾ, ನೀವು ಯಾವ ಪದಗಳಿಂದ ಕಲಿಯಲು ಶುರು ಮಾಡಬೇಕು?

ಮೋಸ ಅಲ್ಲ. ಇಬ್ಬರೂ ಒಪ್ಪಿಕೊಂಡ ಪದಪಟ್ಟಿಯಲ್ಲಿ ಪದ ಇದ್ದರೆ ಮುಗಿಯಿತು, ಇಟ್ಟವರು ಅರ್ಥ ಹೇಳಬೇಕೆಂಬ ನಿಯಮ ಇಲ್ಲ. ನ್ಯೂಜಿಲೆಂಡ್‌ನ ನೈಜೆಲ್ ರಿಚರ್ಡ್ಸ್ ಅಂತ ಒಬ್ಬ ಮಹಾನುಭಾವ ಇದ್ದಾನೆ. ಫ್ರೆಂಚ್ ಮಾತಾಡಲು ಬಾರದಿದ್ದರೂ ಫ್ರೆಂಚ್ ಪದಪಟ್ಟಿಯನ್ನು ಬಾಯಿಪಾಠ ಮಾಡಿ, 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದ. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಅದನ್ನೇ ಮಾಡಿದ. ಆದರೆ ನಾವು ಅವನಲ್ಲ ಅಲ್ವಾ. ನನಗಂತೂ ಅರ್ಥ ತಿಳಿಯದ ಪದ ಸಂಜೆಯ ಹೊತ್ತಿಗೆ ಮರೆತೇ ಹೋಗುತ್ತದೆ. ಹಾಗಾಗಿ ಅರ್ಥದ ಜೊತೆಗೇ ಕಲಿಯಿರಿ ಅನ್ನುವವನು ನಾನು. ಅದರಿಂದ ಆಟದಲ್ಲಿ ಅಂಕವೂ ಜಾಸ್ತಿ ಬರುತ್ತದೆ, ಹೇಗೆ ಅಂತ ಕೆಳಗೆ ಹೇಳಿದ್ದೇನೆ.

ಮೊದಲು ಯಾವ ಪಟ್ಟಿ ಅಂತ ಭಾವನ ಹತ್ತಿರ ಇತ್ಯರ್ಥ ಮಾಡಿಕೊಳ್ಳಿ. ನಮ್ಮಲ್ಲಿ, ಬ್ರಿಟನ್ನಿನಲ್ಲಿ ನಡೆಯುವುದು ಕಾಲಿನ್ಸ್ ಪಟ್ಟಿ. ಅಮೆರಿಕ, ಕೆನಡಾದವರದ್ದು ಬೇರೆ, ಅದು ಸ್ವಲ್ಪ ಚಿಕ್ಕದು. ಎರಡಕ್ಷರದ ಪದಗಳನ್ನೇ ನೋಡಿ: 2019ರ ಕಾಲಿನ್ಸ್‌ನಲ್ಲಿ 127 ಇದ್ದರೆ ಅಮೆರಿಕದ 2018ರ ಪಟ್ಟಿಯಲ್ಲಿ 107. ಇದನ್ನು ಮಾತಾಡಿಕೊಳ್ಳದೆ ಕೂತರೆ ಅರ್ಧ ಆಟ ಜಗಳದಲ್ಲೇ ಹೋಗುತ್ತದೆ. ನಾನು ಹೇಳುವುದೆಲ್ಲ ಕಾಲಿನ್ಸ್ ಲೆಕ್ಕ.

ಈಗ ಭಾವನ ‘ಚೀ’. ಬರೆಯುವುದು ಕ್ಯೂ, ಐ. ಚೀನಾದವರ ನಂಬಿಕೆಯಲ್ಲಿ ಮೈಯೊಳಗೆ ಹರಿಯುವ ಪ್ರಾಣಶಕ್ತಿ ಅದು. ‘ಝಾ’ ಅಂದರೆ ಪಿಜ್ಜಾ. ಅಮೆರಿಕದ ಹುಡುಗರು ಪಿಜ್ಜಾದ ತಲೆ ಕತ್ತರಿಸಿ ಬಾಲ ಮಾತ್ರ ಉಳಿಸಿಕೊಂಡಿದ್ದಾರೆ, ಅಷ್ಟೇ. ಅರವತ್ತು ಚಿಲ್ಲರೆ ಹೇಗೆ ಬಂತು ನೋಡಿ. ಕ್ಯೂಗೆ 10 ಅಂಕ, ಐಗೆ 1. ಬೋರ್ಡಿನಲ್ಲಿ ಅಕ್ಷರದ ಅಂಕವನ್ನು ಮೂರು ಪಟ್ಟು ಮಾಡುವ ಒಂದು ಟ್ರಿಪಲ್ ಲೆಟರ್ ಮನೆ ಖಾಲಿ ಇದೆ, ಅದರ ಬಲಗಡೆ ಒಂದು ಐ, ಕೆಳಗಡೆ ಇನ್ನೊಂದು ಐ ಇದೆ ಅಂದುಕೊಳ್ಳಿ. ಕ್ಯೂ ಅಲ್ಲಿ ಕೂತ ತಕ್ಷಣ ಅಡ್ಡಕ್ಕೊಂದು ಚೀ, ಉದ್ದಕ್ಕೊಂದು ಚೀ. ಒಂದೊಂದಕ್ಕೂ 30 ಕೂಡಿಸು 1, ಎರಡೂ ಸೇರಿ 62. ಇಟ್ಟಿದ್ದು ಒಂದೇ ಒಂದು ಬಿಲ್ಲೆ! ಭಾವ ಇದನ್ನೇ ಮಾಡಿರುತ್ತಾರೆ. ಝಡ್‌ಗೂ 10 ಅಂಕ, ಹಾಗಾಗಿ ಝಾ ಕೂಡ ಇದೇ ರೀತಿ ಹೊಡೆಯುತ್ತದೆ.

127 ಪದ ಅಂದರೆ ಹೆದರಬೇಡಿ, ಮುಕ್ಕಾಲು ಪಾಲು ಗುಂಪು ಗುಂಪಾಗಿ ಬರುತ್ತವೆ. ಪಾಶ್ಚಾತ್ಯ ಸಂಗೀತದ ಸ್ವರಗಳು ಡೋ, ರೇ, ಮಿ, ಫಾ, ಸೋ, ಲಾ, ಟಿ, ಎಲ್ಲವೂ ನಡೆಯುತ್ತವೆ. ಗ್ರೀಕ್ ಅಕ್ಷರಗಳಲ್ಲಿ ಮ್ಯೂ, ನ್ಯೂ, ಪೈ, ಕ್ಸೈ. ಕೊನೆಯದ್ದು ಎಕ್ಸ್, ಐ. ಎಕ್ಸ್‌ಗೆ 8 ಅಂಕ, ಮರೆಯಬೇಡಿ. ಆಮೇಲೆ ಬಾಯಿಂದ ಬರುವ ಸದ್ದುಗಳು: ಆಹ್, ಓಹ್, ಹ್ಮ್, ಶ್. ಎಚ್-ಎಂ, ಎಸ್-ಎಚ್ ಇಷ್ಟರಲ್ಲೇ ಪದ ಆಯಿತು, ಸ್ವರವೇ ಬೇಡ. ಉಳಿದವು ಒಂದಿಷ್ಟು ಅಪರೂಪದವು. ಎ-ಎ ಅಂದರೆ ಹವಾಯಿ ದ್ವೀಪಗಳ ಒರಟು ಲಾವಾ. ಎ-ಐ ಅಂದರೆ ಮೂರು ಬೆರಳಿನ ಸ್ಲಾತ್, ದಕ್ಷಿಣ ಅಮೆರಿಕದ ಆ ಸೋಮಾರಿ ಪ್ರಾಣಿ. ಕೆ-ಎ ಪ್ರಾಚೀನ ಈಜಿಪ್ಟಿನವರ ಆತ್ಮ. ಎಕ್ಸ್-ಯು ವಿಯೆಟ್ನಾಂನ ಪುಡಿಗಾಸು. ಜೆ-ಓ ಸ್ಕಾಟ್ಲೆಂಡಿನಲ್ಲಿ ಪ್ರಿಯತಮೆ. ಝಡ್-ಓ ಅಂದರೆ ಯಾಕ್ ಮತ್ತು ಹಸುವಿನ ಮಿಶ್ರತಳಿ. ಟಿಬೆಟ್ ಕಡೆಯ ಈ ಪ್ರಾಣಿಗೆ ಝಡ್-ಎಚ್-ಓ, ಡಿ-ಝಡ್-ಓ, ಡಿ-ಎಸ್-ಓ ಅಂತೆಲ್ಲ ಬರೆದರೂ ನಡೆಯುತ್ತದೆ. ಕೈಯಲ್ಲಿ ಏನು ಬಂದಿದೆಯೋ ಹಾಗೆ ಬರೆದುಕೊಳ್ಳಿ.

ಅರ್ಥದಿಂದ ಅಂಕ ಬರುವುದು ಎಸ್ ವಿಷಯದಲ್ಲಿ. ಇಡೀ ಆಟದ 100 ಬಿಲ್ಲೆಗಳಲ್ಲಿ ಎಸ್ ಇರುವುದು 4 ಮಾತ್ರ. ಆಟ ಕಂಡುಹಿಡಿದ ಆಲ್ಫ್ರೆಡ್ ಬಟ್ಸ್ ಬೇಕಂತಲೇ ಕಡಿಮೆ ಇಟ್ಟಿದ್ದು, ಇಲ್ಲದಿದ್ದರೆ ಎಲ್ಲರೂ ಬಹುವಚನ ಮಾಡಿಕೊಂಡೇ ಗೆಲ್ಲುತ್ತಿದ್ದರು. ಒಂದು ಪದದ ಕೊನೆಗೆ ಎಸ್ ಅಂಟಿಸಿ, ಅದೇ ಎಸ್‌ನಿಂದ ಇನ್ನೊಂದು ಪದ ಹೊರಡಿಸಿದರೆ ಎರಡರ ಅಂಕವೂ ನಿಮ್ಮದೇ. ಆದರೆ ಯಾವುದಕ್ಕೆ ಎಸ್ ಹತ್ತುತ್ತದೆ, ಯಾವುದಕ್ಕೆ ಇಲ್ಲ? ಕೆ-ವೈ ತೆಗೆದುಕೊಳ್ಳಿ. ಸ್ಕಾಟ್ಲೆಂಡಿನ ಕಡೆ ಅದಕ್ಕೆ ‘ಹಸುಗಳು’ ಅಂತ ಅರ್ಥ. ಆಗಲೇ ಬಹುವಚನ, ಹಾಗಾಗಿ ಕೊನೆಗೆ ಎಸ್ ಬರುವುದಿಲ್ಲ. ಮುಂದೆ ಹಾಕಿದರೆ ಮಾತ್ರ ‘ಸ್ಕೈ’ ಆಗುತ್ತದೆ! ಸಿ-ಎಚ್ ಅಂದರೆ ಹಳೆಯ ಇಂಗ್ಲಿಷ್ ಆಡುಮಾತಿನಲ್ಲಿ ‘ನಾನು’. ‘ನಾನು’ಗೆ ಎಸ್ ಎಲ್ಲಿಂದ ಬರಬೇಕು? ಚೀ, ಝಾ, ಸ್ಲಾತ್, ಲಾವಾ ಇವೆಲ್ಲ ನಾಮಪದ, ಧಾರಾಳವಾಗಿ ಎಸ್ ಹಾಕಿ. ಅರ್ಥ ಗೊತ್ತಿದ್ದರೆ ಇದನ್ನೆಲ್ಲ ಪಟ್ಟಿ ನೋಡದೆ ಊಹಿಸಬಹುದು. ನಮ್ಮ ಮನೆಯಲ್ಲಿ ಅತ್ತಿಗೆ ಪ್ರತಿ ಪದಕ್ಕೂ ‘ಅರ್ಥ ಹೇಳು ನೋಡೋಣ’ ಅಂತ ಪೀಡಿಸುತ್ತಾರೆ. ನಿಯಮದಲ್ಲಿ ಅದು ಇಲ್ಲ, ಆದರೆ ಅದರಿಂದಲೇ ನಾನು ಇಷ್ಟು ಕಲಿತದ್ದು.

ಕನ್ನಡದವರಿಗೆ ಈ ಪಟ್ಟಿಯಲ್ಲಿ ಪುಕ್ಕಟೆ ಸಿಗುವ ಪದಗಳು ಬಹಳ ಇವೆ, ಸುಮ್ನೆ ಬಿಡುತ್ತೇವೆ ಅಷ್ಟೇ. ರಾಗಿ ಇದೆ, ಆರ್-ಎ-ಜಿ-ಐ. ಇಡ್ಲಿ ಇದೆ, ಕೈಯಲ್ಲಿ ಎರಡು ಐ ಬಂದು ಕೂತಾಗ ಅದಕ್ಕಿಂತ ಒಳ್ಳೆಯದಿಲ್ಲ. ದೋಸೆಯನ್ನು ಡಿ-ಓ-ಎಸ್-ಎ ಅಂತ ಬರೆಯಿರಿ. ಪಂಚೆಯ ಬದಲು ಧೋತಿ, ಲುಂಗಿ. ತುಪ್ಪವನ್ನು ಜಿ-ಎಚ್-ಐ ಅಂತ ಮೂರೇ ಅಕ್ಷರದಲ್ಲೂ ಬರೆಯಬಹುದು. ಎ-ಎನ್-ಎನ್-ಎ ಕೂಡ ಇದೆ, ಆದರೆ ಅದು ಅಣ್ಣ ಅಲ್ಲ, ರೂಪಾಯಿಗೆ 16 ಇದ್ದ ಆಣೆ. ಎರಡು ಎ, ಒಂದು ಐ ಇದ್ದರೆ ಎ-ಐ-ಎ, ನಮ್ಮ ಆಯಾ. ಬಂಡೀಪುರಕ್ಕೆ ಸಫಾರಿ ಹೋಗಿದ್ದೀರಾ? ಅಲ್ಲಿನ ಪ್ರಾಣಿಗಳ ಇಂಗ್ಲಿಷ್ ಹೆಸರೆಲ್ಲ ಬೋರ್ಡಿಗೆ ಬರುತ್ತವೆ: ಕಾಟಿಗೆ ಗೌರ್, ಸೀಳುನಾಯಿಗೆ ಧೋಲ್, ಚುಕ್ಕೆ ಜಿಂಕೆಗೆ ಚಿತಲ್, ಕಡವೆಗೆ ಸಾಂಬಾರ್. ಹೌದು, ನೀವು ಸಾಂಬಾರ್ ಅಂತ ಇಟ್ಟರೆ ಎದುರಿನ ಇಂಗ್ಲಿಷಿನವನಿಗೆ ಮೊದಲು ನೆನಪಾಗುವುದು ಕೊಂಬಿನ ಪ್ರಾಣಿ, ಇಡ್ಲಿ ಜೊತೆಯದ್ದಲ್ಲ.

ಸ್ವರ ಬಾರದೆ ಬಿಲ್ಲೆ ಇಡುವ ರ‍್ಯಾಕ್ ತುಂಬ ಬರೀ ವ್ಯಂಜನ ಕೂತಾಗ ವೇಲ್ಸ್ ದೇಶ ಕಾಪಾಡುತ್ತದೆ. ಅವರ ಭಾಷೆಯಲ್ಲಿ ಡಬ್ಲ್ಯೂ ಸ್ವರದ ಕೆಲಸವನ್ನೂ ಮಾಡುತ್ತದೆ. ಸಿ-ಡಬ್ಲ್ಯೂ-ಎಂ, ‘ಕೂಮ್’ ಅಂತ ಓದಬೇಕು, ಬೆಟ್ಟದ ನಡುವಿನ ಬಟ್ಟಲಿನಂಥ ಕಣಿವೆ. ಎವರೆಸ್ಟ್ ಹತ್ತಿದವರ ಕಥೆಗಳಲ್ಲಿ ‘ವೆಸ್ಟರ್ನ್ ಕೂಮ್’ ಅಂತ ಬರುತ್ತದಲ್ಲ, ಅದೇ ಇದು. 1921ರಲ್ಲಿ ಜಾರ್ಜ್ ಮ್ಯಾಲರಿ ಇಟ್ಟ ಹೆಸರು. ಇನ್ನೊಂದು ‘ಕ್ರೂತ್’, ಸಿ-ಆರ್-ಡಬ್ಲ್ಯೂ-ಟಿ-ಎಚ್, ಅಲ್ಲಿನ ಹಳೆಯ ತಂತಿವಾದ್ಯ.

ದೊಡ್ಡ ಪದಗಳಿಗೆ ಈಗಲೇ ಕೈ ಹಾಕಬೇಡಿ. ಆದರೂ ಒಂದನ್ನು ಹೇಳದೆ ಇರಲಾರೆ. 1982ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕಾರ್ಲ್ ಖೋಶ್ನಾವ್ ‘ಕಸೀಕ್ಸ್’ ಅಂತ ಇಟ್ಟು ಒಂದೇ ಸಲಕ್ಕೆ 392 ಅಂಕ ಹೊಡೆದರು. ಸಿ-ಎ-ಝಡ್-ಐ-ಕ್ಯೂ-ಯು-ಇ-ಎಸ್, ವೆಸ್ಟ್ ಇಂಡೀಸ್ ಕಡೆಯ ಮೂಲನಿವಾಸಿಗಳ ಮುಖಂಡರು. ಲೆಕ್ಕ ಹೀಗಿದೆ: ಅಕ್ಷರಗಳ ಒಟ್ಟು ಅಂಕ 28. ಕ್ಯೂ ಡಬಲ್ ಲೆಟರ್ ಮೇಲೆ ಬಿದ್ದಿದ್ದಕ್ಕೆ ಇನ್ನೊಂದು 10, ಆಯಿತು 38. ಪದದ ಎರಡು ತುದಿಗಳೂ ಇಡೀ ಪದದ ಅಂಕವನ್ನು ಮೂರು ಪಟ್ಟು ಮಾಡುವ ಟ್ರಿಪಲ್ ವರ್ಡ್ ಮನೆಗಳ ಮೇಲೆ ಇದ್ದವು, ಅಂದರೆ ಒಂಬತ್ತು ಪಟ್ಟು, 342. ಕೈಯಲ್ಲಿದ್ದ ಏಳೂ ಬಿಲ್ಲೆ ಒಟ್ಟಿಗೆ ಇಟ್ಟಿದ್ದಕ್ಕೆ 50 ಬೋನಸ್.

ಕೊನೆಗೆ ಕ್ಯೂ. ಯು 4 ಇವೆ, ಆದರೆ ಬೇಕಾದಾಗ ಒಂದೂ ಬರುವುದಿಲ್ಲ. ಯು ಇಲ್ಲದ ಕ್ಯೂ ಪದಗಳು ಹೆಚ್ಚಾಗಿ ಅರಬ್ಬಿ ಕಡೆಯಿಂದ ಬಂದವು, ಅರ್ಥ ನಮಗೆ ಅಪರಿಚಿತವೇನಲ್ಲ: ಫಕೀರ, ತಲಾಕ್, ಖಾಜಿ, ಕವ್ವಾಲಿ. ಇಂಗ್ಲಿಷಿನಲ್ಲಿ ಇವನ್ನೆಲ್ಲ ಕ್ಯೂ ಹಾಕಿಯೂ ಬರೆಯುತ್ತಾರೆ. ಕ್ಯೂ-ಎ-ಎನ್-ಎ-ಟಿ, ‘ಕನಾತ್’, ಇರಾನಿನ ನೆಲದಡಿಯ ನೀರಿನ ಕಾಲುವೆ. ಬೀದರಿನವರಿಗೆ ಇದನ್ನು ವಿವರಿಸಬೇಕಿಲ್ಲ, ನೌಬಾದಿನಲ್ಲಿ ಬಹಮನಿ ಕಾಲದ್ದು ಇವತ್ತಿಗೂ ಇದೆ, ಅಲ್ಲಿ ಕರೇಜ್, ಸುರಂಗ ಬಾವಿ ಅನ್ನುತ್ತಾರೆ. ಕ್ಯೂ-ಎ-ಟಿ ಅರಬರು ಅಗಿಯುವ ಎಲೆ. ಇವಿಷ್ಟೂ ಗೊತ್ತಿದ್ದರೂ ಜಾಗ ಸಿಗದೆ ಹೋಗಬಹುದು. ಆಗ ಒಂದು ಸರದಿ ಬಿಟ್ಟುಕೊಟ್ಟು ಕ್ಯೂ ಬದಲಾಯಿಸಿಕೊಳ್ಳಿ, ಆದರೆ ಚೀಲದಲ್ಲಿ ಕನಿಷ್ಠ 7 ಬಿಲ್ಲೆ ಇರುವಾಗಲೇ ಮಾಡಬೇಕು. ಅದಕ್ಕಿಂತ ಕಡಿಮೆ ಇದ್ದರೆ ಬದಲಾಯಿಸಲು ಬಿಡುವುದಿಲ್ಲ. ಕ್ಯೂ ನಿಮ್ಮ ಕೈಯಲ್ಲೇ ಉಳಿದು, ಭಾವ ಮೊದಲು ಕೈ ಖಾಲಿ ಮಾಡಿದರೆ ನಿಮ್ಮ 10 ಹೋಗಿ ಅವರಿಗೆ 10 ಸೇರುತ್ತದೆ.