ಹೆಂಡತಿ ತೀರಿಹೋದ ಮೇಲೆ ಮನೆಯಲ್ಲಿ ಒಬ್ಬನೇ ಇರುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ ಸರ್. ಮನೆಯವರು ತೀರಿಕೊಂಡು ಮೂರು ತಿಂಗಳಾಯಿತು, ಮಗ ಪುಣೆಗೆ ಬಾ ಅನ್ನುತ್ತಿದ್ದಾನೆ, ಸಂಜೆಯಾದರೆ ಮನೆ ತಿನ್ನೋಕೆ ಬರುತ್ತೆ ಅಂತ ಬರೆದಿದ್ದೀರಿ. ನನ್ನ ಯಜಮಾನರೂ ಇಲ್ಲ. ಮೈಸೂರಲ್ಲಿ ಒಬ್ಬಳೇ ಇದ್ದೇನೆ.

"ಕಾಲವೇ ಔಷಧಿ" ಅಂತ ನಿಮಗೆ ತುಂಬಾ ಜನ ಹೇಳಿರುತ್ತಾರೆ. ಹಾಗೆ ಹೇಳಿದವರು ವೈಕುಂಠ ಸಮಾರಾಧನೆ ಊಟ ಮುಗಿಸಿ ಬಸ್ಸು ಹತ್ತಿರುತ್ತಾರೆ, ಅಲ್ವಾ? ಒಂಟಿತನ ಶುರುವಾಗುವುದೇ ಆಮೇಲೆ.

ಗಂಡಸರ ವಿಷಯದಲ್ಲಿ ನಾನು ನೋಡಿರುವುದು ಒಂದಿದೆ. ನಮ್ಮ ಮನೆಗಳಲ್ಲಿ ನೆಂಟರ ಫೋನೆಲ್ಲ ಬರುವುದು ಹೆಂಡತಿಯ ನಂಬರಿಗೆ. ಯಾರ ಮನೆಯಲ್ಲಿ ಸೀಮಂತ, ಯಾರಿಗೆ ಮಂಡಿ ಆಪರೇಷನ್, ಎದುರುಮನೆ ಹುಡುಗನಿಗೆ ಕೆಲಸ ಸಿಕ್ತಾ, ಎಲ್ಲ ಅವರ ಕಿವಿಗೆ ಬಿದ್ದು, ಊಟಕ್ಕೆ ಕೂತಾಗ ನಿಮಗೆ ತಲುಪುತ್ತಿತ್ತು. ಅವರ ಜೊತೆಗೆ ಆ ಸುದ್ದಿಗಳೂ ನಿಂತುಹೋಗಿವೆ. ಅದಕ್ಕೇ ಅವರ ಸಿಮ್ ಈಗಲೇ ಬಂದ್ ಮಾಡಿಸಬೇಡಿ. ಕಾಲ್ ಲಿಸ್ಟ್ ತೆಗೆದು ನೋಡಿ. ದಿನ ಬಿಟ್ಟು ದಿನ ಮಾತಾಡುತ್ತಿದ್ದ ತಂಗಿಯೋ, ಓರಗಿತ್ತಿಯೋ, ಹಳೇ ಗೆಳತಿಯೋ ಇದ್ದೇ ಇರುತ್ತಾರೆ. ಅವರಿಗೂ ಈಗ ಮಾತಾಡುವವರಿಲ್ಲ. ಭಾವನ ಹತ್ತಿರ ಏನಂತ ಮಾತಾಡೋದು ಅಂತ ಸಂಕೋಚ. ನೀವೇ ಫೋನ್ ಮಾಡಿ. ಮೊದಲ ಸಲ "ಊಟ ಆಯ್ತಾ, ಮಳೆ ಬಂತಾ" ದಾಟಿ ಮುಂದೆ ಹೋಗುವುದಿಲ್ಲ. ಆಗ ಸಾರಿನ ಪುಡಿಗೆ ಏನೇನು ಹಾಕಬೇಕು ಅಂತ ಕೇಳಿ. ಅಡುಗೆ ಕೇಳಿದರೆ ನಾವು ಹೆಂಗಸರು ಬೇಗ ಫೋನ್ ಇಡುವುದಿಲ್ಲ.

ನನಗೆ ಕಷ್ಟವಾಗಿದ್ದು ಸಂಜೆ ಕಾಫಿ. ಇಬ್ಬರ ಫಿಲ್ಟರಿಗೆ ಒಬ್ಬರ ಪುಡಿ ಹಾಕಿದರೆ ನೀರು ಸರಸರ ಇಳಿದುಬಿಡುತ್ತದೆ, ಡಿಕಾಕ್ಷನ್ ನೀರುನೀರು. ಚಿಕ್ಕ ಫಿಲ್ಟರ್ ತರೋಣ ಅಂತ ಪಾತ್ರೆ ಅಂಗಡಿಗೆ ಹೋದೆ, ಕೊಳ್ಳಲು ಮನಸ್ಸು ಬರಲಿಲ್ಲ. ಇಬ್ಬರ ಪುಡಿಯನ್ನೇ ಹಾಕಿ, ಹಿಂದಿನ ಬೀದಿಯ ರಿಟೈರ್ಡ್ ಟೀಚರೊಬ್ಬರನ್ನು ಕರೆಯಲು ಶುರುಮಾಡಿದೆ. ಅವರಿಗೆ ಮಾತೂ ಜಾಸ್ತಿ, ಸಕ್ಕರೆಯೂ ಜಾಸ್ತಿ. ಇರಲಿ, ಐದೂವರೆಗೆ ಗೇಟು ಸದ್ದಾದರೆ ಸಾಕಾಗಿತ್ತು ನನಗೆ. ಭಜನೆ, ಯೋಗ, ವಾಕಿಂಗ್ ಅಂತ ದಿನವಿಡೀ ತುಂಬಿಸಿಕೊಳ್ಳಲು ಹೋಗಬೇಡಿ, ಸುಮ್ನೆ ಸುಸ್ತು. ಯಾವ ಹೊತ್ತು ತಿನ್ನುತ್ತದೋ ಆ ಹೊತ್ತಿಗೆ ಒಬ್ಬರನ್ನು ಹುಡುಕಿಕೊಳ್ಳಿ.

ಕರೆದ ಕಡೆ ಹೋಗಿ ಬನ್ನಿ. ನನ್ನಂಥವರನ್ನು ಗೌರಿ ಹಬ್ಬದ ಅರಿಶಿನ-ಕುಂಕುಮಕ್ಕೆ ಕರೆಯುವುದನ್ನೂ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ನಿಮಗೆ ಆ ಕಾಟವಿಲ್ಲ.

ಮೂರು ತಿಂಗಳಿಗೆ ಅಳು ಬರುವುದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಗಳ ಪಟ್ಟಿಯಲ್ಲೂ, ಕಡಿಮೆ ಅಂದರೆ ಆರು ತಿಂಗಳು ದಾಟಿ, ದಿನದ ಕೆಲಸವೇ ನಡೆಯದಷ್ಟು ತೀವ್ರವಾಗಿದ್ದರೆ ಮಾತ್ರ ದುಃಖಕ್ಕೆ ಬೇರೆ ಹೆಸರು ಕೊಟ್ಟಿದ್ದಾರೆ. ಆದರೆ ಊಟ, ನಿದ್ದೆ ಪೂರ್ತಿ ಕೆಟ್ಟಿದ್ದರೆ, ಕುಡಿತ ಹೆಚ್ಚಾಗಿದ್ದರೆ, ನಾನೂ ಹೋಗಿಬಿಡಬೇಕು ಅನ್ನಿಸಿದರೆ ಅಲ್ಲಿಯವರೆಗೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಪುಣೆಯ ಮಾತು. ಹೋಗಿ, ಒಂದೆರಡು ತಿಂಗಳು ಇದ್ದು ಬನ್ನಿ. ಮಗ-ಸೊಸೆ ಬೆಳಗ್ಗೆ ಕೆಲಸಕ್ಕೆ ಹೋದರೆ ರಾತ್ರಿಯೇ ಬರುವವರಾದರೆ, ಭಾಷೆ ಬಾರದ ಅಪಾರ್ಟ್‌ಮೆಂಟಿನಲ್ಲಿ ಸಂಜೆ ಇನ್ನೂ ಉದ್ದ. ಒಗ್ಗುತ್ತಾ ಅಂತ ನೀವೇ ನೋಡಿ. ವರ್ಷದ ಕಾರ್ಯ ಮುಗಿಯುವ ತನಕ ಈ ಮನೆ ಮಾರುವ ಯಾವ ಕಾಗದಕ್ಕೂ ಸೈನ್ ಹಾಕಬೇಡಿ, ಮಗ ಎಷ್ಟೇ ಒಳ್ಳೆಯವನಾದರೂ.